ಏಷ್ಯಾ ಅಧ್ಯಯನ ಸಮ್ಮೇಳನಕ್ಕೆ ಪ್ರಾಯೋಜಕರು ಎಲ್ಲಿ ಸಿಗ್ತಾರೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಕಾಲೇಜಲ್ಲಿ ಏಷ್ಯಾ ಅಧ್ಯಯನದ ಸಮ್ಮೇಳನ ಮಾಡಬೇಕು ಅಂತಿದ್ದೇವೆ. ಜಪಾನ್, ಶ್ರೀಲಂಕಾದಿಂದ ಭಾಷಣಕಾರರನ್ನು ಕರೆಸುವ ಆಸೆ. ದುಡ್ಡಿಗೆ ಯಾರನ್ನು ಕೇಳೋದು?

ಉತ್ತರ 1: ಮೊದಲು ಐಸಿಎಸ್ಎಸ್ಆರ್‌ಗೆ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಅರ್ಜಿ ಹಾಕಿ, ಸೆಮಿನಾರ್‌ಗಳಿಗೆ ಅನುದಾನ ಕೊಡುತ್ತಾರೆ. ಇತಿಹಾಸವಾದರೆ ಐಸಿಎಚ್ಆರ್ (ಭಾರತೀಯ ಇತಿಹಾಸ ಸಂಶೋಧನಾ ಮಂಡಳಿ). ಜಪಾನಿನ ಭಾಷಣಕಾರರಿಗೆ ಜಪಾನ್ ಸರ್ಕಾರದ ಸಾಂಸ್ಕೃತಿಕ ಸಂಸ್ಥೆ ಜಪಾನ್ ಫೌಂಡೇಶನ್‌ನ ದೆಹಲಿ ಕಚೇರಿ ಕೇಳಿ ನೋಡಿ.

ಉತ್ತರ 2: ವಿದೇಶಿ ಸಂಸ್ಥೆಯ ಹಣ ಅಂದ್ರೆ ಹುಷಾರು ಸರ್. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಬೇಕೇ ಬೇಕು, 2020ರ ತಿದ್ದುಪಡಿ ಆದಮೇಲೆ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾಷಣಕಾರರಿಗೆ ಕಾನ್ಫರೆನ್ಸ್ ವೀಸಾ ಬೇಕು, ಆ ಕೆಲಸ ಈಗಲೇ ಶುರು ಮಾಡಿ.

ಉತ್ತರ 3: ಸ್ಥಳೀಯರನ್ನೂ ಮರೀಬೇಡಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ (ಇತಿಹಾಸ, ಸಂಸ್ಕೃತಿ ಅಧ್ಯಯನದ ಸಂಸ್ಥೆ) 1909ರಲ್ಲಿ ಶುರುವಾದದ್ದು, ಅಲ್ಲೂ ವಿಚಾರಿಸಿ. ಪ್ರಾಯೋಜಕರು ಯಾರೇ ಇರಲಿ, ಯಾರು ಮಾತಾಡಬೇಕು ಅನ್ನೋದನ್ನ ನೀವೇ ತೀರ್ಮಾನಿಸಿ, ಪಿಎಚ್‌ಡಿ ಮಾಡ್ತಿರೋ ಹುಡುಗ ಹುಡುಗಿಯರಿಗೂ ಒಂದು ಗೋಷ್ಠಿ ಕೊಡಿ.