ಅಮ್ಮನ್ನ ಹಾಸನದಿಂದ ದುಬೈಗೆ ಕಳಿಸ್ಬೇಕು, ಫ್ಲೈಟ್ ಎರಡೂವರೆ ಗಂಟೆನಾ ನಾಲ್ಕು ಗಂಟೆನಾ?

ಹಾಸನದ ಹುಡುಗ:
ಅಕ್ಕ ದುಬೈಲಿದಾಳೆ, ಆಗಸ್ಟ್‌ನಲ್ಲಿ ಹೆರಿಗೆ, ಬಾಣಂತನಕ್ಕೆ ಅಮ್ಮ ಜುಲೈ ಕೊನೇಲಿ ಒಬ್ರೇ ಹೋಗ್ತಾ ಇದಾರೆ. ಇದುವರೆಗೂ ವಿಮಾನ ಹತ್ತಿಲ್ಲ, ಶುಗರ್ ಬೇರೆ ಇದೆ, ಅದಕ್ಕೆ ಊಟ ಮಾತ್ರೆ ಟೈಮ್ ಲೆಕ್ಕ ಹಾಕ್ತಾ ಕೂತಿದೀನಿ. ಟಿಕೆಟ್ ನೋಡಿದ್ರೆ ಬೆಂಗಳೂರು ಬೆಳಿಗ್ಗೆ 10ಕ್ಕೆ ಬಿಟ್ಟು ದುಬೈ 12.30 ಅಂತಿದೆ, ವಾಪಸ್ಸು ರಾತ್ರಿ 10ಕ್ಕೆ ಬಿಟ್ಟು ಬೆಳಗಿನ ಜಾವ 3.10. ಹೋಗೋಕೆ ಎರಡೂವರೆ, ಬರೋಕೆ ಐದು ಗಂಟೆ ಹೆಂಗೆ? ಮತ್ತೆ ಮಂಗಳೂರು ಹತ್ರ ಅಲ್ವಾ, ಅಲ್ಲಿಂದ ಕಳಿಸೋದು ವಾಸಿನಾ?

ಚನ್ನರಾಯಪಟ್ಟಣ:
ಟಿಕೆಟ್‌ನಲ್ಲಿ ಬರೆಯೋದು ಆಯಾ ಊರಿನ ಗಡಿಯಾರದ ಟೈಮು ಸರ್. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ 12.30 ಅಂದ್ರೆ ನಮ್ಮ ಮಧ್ಯಾಹ್ನ 2 ಗಂಟೆ, ಅಲ್ಲಿಗೆ 4 ಗಂಟೆ ಪ್ರಯಾಣ ಆಯ್ತು. ಬರೋವಾಗ ಅದೇ ಒಂದೂವರೆ ಕಳೀರಿ, ಸುಮಾರು 3 ಗಂಟೆ 40 ನಿಮಿಷ. ಬೆಂಗಳೂರಿಂದ ದುಬೈಗೆ ನೇರ ಹಾರಿದ್ರೆ ಸುಮಾರು 2,700 ಕಿ.ಮೀ. ನಾನು ಜನವರೀಲಿ ಹೋಗಿದ್ದೆ, ಚಳಿಗಾಲದಲ್ಲಿ ಮೇಲ್ಗಡೆ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತೆ, ಹೋಗೋವಾಗ ಎದುರುಗಾಳಿ, ಬರೋವಾಗ ಬೆನ್ನಿಗೆ, ಆಗ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.
ವಾಪಸ್ಸು ಇಳಿಯೋದು ಮಾರನೇ ದಿನದ ತಾರೀಖಿಗೆ, ಕರ್ಕೊಂಡು ಬರೋಕೆ ಹೋಗೋರಿಗೆ ಇದನ್ನ ಮೊದ್ಲೇ ಹೇಳಿಡಿ. ಅಮ್ಮನ ಕೈಗಡಿಯಾರನ ವಿಮಾನದಲ್ಲಿ ತಿರುಗಿಸೋದು ಬೇಡ, ಮನೆ ಟೈಮ್‌ಗೇ ಊಟ ಮಾಡ್ಲಿ, ಮಾತ್ರೆ ವಿಷಯ ಡಾಕ್ಟರ್‌ನ ಒಂದ್ಸಲ ಕೇಳ್ಬಿಡಿ.

ಸಕಲೇಶಪುರ:
ಮಂಗಳೂರಿಂದ ಸುಮಾರು 2,450 ಕಿ.ಮೀ., ಹಾರಾಟದಲ್ಲಿ ಉಳಿತಾಯ ಆಗೋದು ಹೆಚ್ಚಂದ್ರೆ ಇಪ್ಪತ್ತು ನಿಮಿಷ. ಅಷ್ಟಕ್ಕೋಸ್ಕರ ಜುಲೈ ಕೊನೇಲಿ ಶಿರಾಡಿ ಇಳಿಸ್ಬೇಡಿ ದಯವಿಟ್ಟು. 2024ರ ಜುಲೈಲಿ ನಮ್ಮ ದೊಡ್ಡತಪ್ಪಲು ಹತ್ರ ಗುಡ್ಡ ಜಾರಿ ರೋಡ್ ಬಂದ್ ಆಗಿತ್ತು, ಚಾರ್ಮಾಡಿ ಕಡೆ ಸುತ್ತು ಹಾಕೋಣ ಅಂದ್ರೆ ಅದೂ ಘಾಟೇ, ಅಲ್ಲೂ ಮಳೆನೇ. ಬೇಸಿಗೇಲಿ ಆಗಿದ್ರೆ ಮಂಗಳೂರೇ ಹೇಳ್ತಿದ್ದೆ.

ಬಾಣಂತನ ಮುಗಿಸಿ ಬಂದವಳು:
ಲಗೇಜ್ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀತಿದೀನಿ ತಮ್ಮಾ. ಬಾಣಂತಿಗೆ ಅಂತ ಅಮ್ಮಂದಿರು ಮೊದ್ಲು ಕಟ್ಟೋದೇ ಗಸಗಸೆ, ಅದು ಅಲ್ಲಿ ಪೂರ್ತಿ ನಿಷೇಧ, ಒಂದು ಚಿಟಿಕೆನೂ ಬೇಡ, ಲೇಹ್ಯ ಅಂಟಿನುಂಡೆಗೂ ಹಾಕಿರ್ತಾರೆ ಕೇಳಿ ನೋಡಿ. ತಿಪಟೂರು ಕೊಬ್ಬರಿ ಗಿಟುಕನ್ನ ಚೆಕ್-ಇನ್ ಬ್ಯಾಗ್‌ಗೆ ಬಿಡಲ್ಲ, ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯುತ್ತೆ ಅಂತ. ಶುಗರ್ ಮಾತ್ರೆ ಕೈಚೀಲದಲ್ಲೇ ಇರ್ಲಿ, ಡಾಕ್ಟರ್ ಚೀಟಿ ಜೊತೆ.

ಹಾಸನದ ಹುಡುಗ:
ಗಸಗಸೆ ಆಗ್ಲೇ ಅರ್ಧ ಕೆಜಿ ತಂದಿಟ್ಟಿದಾರೆ ಅಕ್ಕ, ಈಗ್ಲೇ ತೆಗೆಸ್ತೀನಿ, ತುಂಬಾ ಥ್ಯಾಂಕ್ಸ್. ಬೆಂಗಳೂರೇ ಫಿಕ್ಸ್. ನಮ್ಮನೆಯಿಂದ ಏರ್‌ಪೋರ್ಟ್ 200 ಕಿ.ಮೀ. ಮೇಲಾಗುತ್ತೆ, ಕಾರಲ್ಲೇ ನಾಲ್ಕು ಗಂಟೆ, ಮೂರು ಗಂಟೆ ಮುಂಚೆ ಅಲ್ಲಿರ್ಬೇಕು ಅಂದ್ರೆ ರಾತ್ರಿ ಮೂರಕ್ಕೆ ಹೊರಡ್ಬೇಕು, ಅಮ್ಮನಿಗೆ ಅದು ಆಗಲ್ಲ. ಹಿಂದಿನ ದಿನ ಹೋಗಿ ನೆಲಮಂಗಲದ ಚಿಕ್ಕಮ್ಮನ ಮನೇಲಿ ಉಳಿಸಿ, ಬೆಳಿಗ್ಗೆ ದೊಡ್ಡಬಳ್ಳಾಪುರ ರೋಡಲ್ಲಿ ದೇವನಹಳ್ಳಿಗೆ ಕರ್ಕೊಂಡು ಹೋಗ್ತೀನಿ, ಹೆಬ್ಬಾಳದ ಟ್ರಾಫಿಕ್ ತಪ್ಪುತ್ತೆ.