ಸಹಾಯ ಬೇಕು: ಹಲವು ದ್ಯುತಿರಂಧ್ರಗಳ ದೂರದರ್ಶಕದಲ್ಲಿ ಅಕ್ಷದಾಚೆಯ ಪಥಾಂತರ

ಮೂರು ಸಣ್ಣ ಅಫೋಕಲ್ (ಸಮಾಂತರ ಕಿರಣಗಳನ್ನು ಸಮಾಂತರವಾಗಿಯೇ ಹೊರಬಿಡುವ) ದೂರದರ್ಶಕಗಳ ಬೆಳಕನ್ನು ಫಿಜೋ ವಿಧಾನದಲ್ಲಿ, ಎಂದರೆ ಚಿತ್ರಗಳು ಒಂದರ ಮೇಲೊಂದು ಬಿದ್ದು ಬೆರೆಯುವಂತೆ, ಒಂದೇ ನಾಭಿತಲಕ್ಕೆ ತರುವ ವಿನ್ಯಾಸವೊಂದನ್ನು ಕಂಪ್ಯೂಟರಿನಲ್ಲಿ ರೂಪಿಸುತ್ತಿದ್ದು, ಒಂದು ವಿಷಯದಲ್ಲಿ ತಿಳಿದವರ ಸಲಹೆಯನ್ನು ಕೋರುತ್ತೇನೆ. ನಿರ್ಗಮನ ದ್ಯುತಿರಂಧ್ರಗಳ ಜೋಡಣೆಯು ಪ್ರವೇಶ ದ್ಯುತಿರಂಧ್ರಗಳ ಜೋಡಣೆಯ ಯಥಾವತ್ ಕುಗ್ಗಿಸಿದ ಪ್ರತಿಯಾಗಿರಬೇಕು, ಇಲ್ಲವಾದರೆ ಅಕ್ಷದ ಮೇಲೆ ಸರಿಹೊಂದಿದ ವ್ಯತಿಕರಣ ಪಟ್ಟಿಗಳು (ಬೆಳಕಿನ ಅಲೆಗಳು ಬೆರೆತಾಗ ಮೂಡುವ ಪಟ್ಟಿಗಳು) ಅಕ್ಷದಿಂದ ಸರಿದಂತೆಲ್ಲ ಮಸುಕಾಗುತ್ತವೆ ಎಂಬ ನಿಯಮವೇನೋ ಸ್ಪಷ್ಟವಾಗಿದೆ. (ಎರಡು 8.4 ಮೀಟರ್ ಕನ್ನಡಿಗಳನ್ನು ಒಂದೇ ಪೀಠದ ಮೇಲೆ ಹೊತ್ತಿರುವ ಅರಿಜೋನಾದ ಲಾರ್ಜ್ ಬೈನಾಕ್ಯುಲರ್ ಟೆಲಿಸ್ಕೋಪಿಗೆ ಈ ನಿಯಮದ ಪಾಲನೆಯಲ್ಲಿ ಆ ಪೀಠವೇ ದೊಡ್ಡ ಅನುಕೂಲ.) 550 ನ್ಯಾನೋಮೀಟರ್ ತರಂಗಾಂತರದಲ್ಲಿ, ಅಕ್ಷದಿಂದ ಒಂದು ಆರ್ಕ್ ನಿಮಿಷದಾಚೆ (ಡಿಗ್ರಿಯ ಅರುವತ್ತನೇ ಒಂದು ಭಾಗ), ಪಥಾಂತರದ, ಎಂದರೆ ಬೇರೆ ಬೇರೆ ದೂರದರ್ಶಕಗಳ ಮೂಲಕ ಬೆಳಕು ಕ್ರಮಿಸುವ ದಾರಿಗಳ ಉದ್ದದ ವ್ಯತ್ಯಾಸದ, ದೋಷವನ್ನು ತರಂಗಾಂತರದ ಹತ್ತನೇ ಒಂದು ಭಾಗದೊಳಗೆ ಇರಿಸಬೇಕಾದರೆ ದ್ಯುತಿರಂಧ್ರದ ಸ್ಥಾನದೋಷವು ಪ್ರವೇಶದ ಅಳತೆಯಲ್ಲಿ ಸುಮಾರು 0.19 ಮಿಲಿಮೀಟರನ್ನು ಮೀರಬಾರದು.

ತೊಡಕಿರುವುದು ಮುಂದೆ. ಪ್ರತಿ ಘಟಕದ (ಸಣ್ಣ ದೂರದರ್ಶಕದ) ಕೋನೀಯ ವರ್ಧನೆಯು ಟ್ಯಾಂಜೆಂಟ್ ನಿಯಮವನ್ನು (ಹೊರಬೀಳುವ ಮತ್ತು ಒಳಬರುವ ಕೋನಗಳ ಟ್ಯಾಂಜೆಂಟುಗಳ ಅನುಪಾತ ಸ್ಥಿರ) ಅನುಸರಿಸಿದರೆ ಚಿತ್ರ ವಿರೂಪಗೊಳ್ಳುವುದಿಲ್ಲವಾದರೂ, ಘಟಕಗಳ ನಡುವಣ ಪಥಾಂತರವು ಎಲ್ಲ ಕೋನಗಳಲ್ಲೂ ಶೂನ್ಯವಾಗಿರಲು ಸೈನ್ ನಿಯಮವೇ (ಅದೇ ಕೋನಗಳ ಸೈನುಗಳ ಅನುಪಾತ ಸ್ಥಿರ) ಬೇಕಾಗುತ್ತದೆ. ಹತ್ತು ಪಟ್ಟು ವರ್ಧನೆಯ, ಒಂದೇ ನಾಭಿಯನ್ನು ಹಂಚಿಕೊಳ್ಳುವ ಎರಡು ಪರವಲಯ ಕನ್ನಡಿಗಳ ಮೆರ್ಸೆನ್ ಜೋಡಣೆಯಲ್ಲಿ ಇದನ್ನು ಸಾಧಿಸಲು ಸಾಧ್ಯವೇ, ಅಥವಾ ಮೂರನೆಯ ಕನ್ನಡಿ ಅನಿವಾರ್ಯವೇ? ಘಟಕಗಳ ವರ್ಧನೆಗಳ ನಡುವೆ ಎಷ್ಟು ವ್ಯತ್ಯಾಸವನ್ನು ಸಹಿಸಬಹುದೆಂಬುದನ್ನು ಲೆಕ್ಕಹಾಕುವ ಕ್ರಮವನ್ನೂ ದಯವಿಟ್ಟು ತಿಳಿಸಿ.