ಏಳು ತಿಂಗಳ ಮಗು ಕೈಯಲ್ಲಿ ಹಿಡಿದು ತಿನ್ನೋಕೆ ಮನೆಯಲ್ಲೇ ಏನು ಬೇಕ್ ಮಾಡಬಹುದು?

ಪ್ರಶ್ನೆ: ಮಗುಗೆ ಏಳು ತಿಂಗಳು. ರಾಗಿ ಸರಿ, ಬಾಳೆಹಣ್ಣು, ಬೇಯಿಸಿದ ಕ್ಯಾರೆಟ್ ಒಗ್ಗಿದೆ. ಉಪ್ಪು, ಸಕ್ಕರೆ ಹಾಕದೆ ಏನು ಮಾಡಿಕೊಡಬಹುದು? ಸಣ್ಣ ಓಟಿಜಿ (ಕರೆಂಟ್ ಓವನ್) ಇದೆ. ರಾಗಿ ಬಿಸ್ಕತ್ತು ಮಾಡಿದರೆ ಕಲ್ಲಾಗುತ್ತೆ.

ಉತ್ತರ: ರಾಗಿ ಬಿಸ್ಕತ್ತು ಸದ್ಯಕ್ಕೆ ಬಿಟ್ಟುಬಿಡಿ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಹಿಟ್ಟು ತಾನಾಗಿ ಕಟ್ಟಿಕೊಳ್ಳಲ್ಲ. ಒತ್ತಿ ತಟ್ಟಿ ತೇವ ಆರೋ ತನಕ ಬೇಯಿಸಿದರೆ ಗಟ್ಟಿಯಾಗುತ್ತೆ, ಕಚ್ಚಿದರೆ ಚೂರು ಚೂರಾಗಿ ಮುರಿಯುತ್ತೆ. ಆ ಚೂರೇ ಗಂಟಲಿಗೆ ಅಪಾಯ. ಹಲ್ಲು ಬರುವಾಗ ಗಟ್ಟಿ ರಸ್ಕ್ ಕೊಡಿ ಅಂತ ಹಿರಿಯರು ಹೇಳ್ತಾರೆ, ದಯವಿಟ್ಟು ಬೇಡ. ಮುಂದಿನ ಎರಡು ಹಲ್ಲು ಮುರಿಯೋಕೆ ಸಾಕು, ಅರೆಯೋ ದವಡೆ ಹಲ್ಲು ಇನ್ನೂ ಬಂದಿರಲ್ಲ.

ಅದರ ಬದಲು ಗೆಣಸಿನ ಜೊತೆ ರಾಗಿ. 200 ಗ್ರಾಂ ಗೆಣಸನ್ನ ಸಿಪ್ಪೆ ಸಮೇತ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡಿ, ಚಾಕು ಸಲೀಸಾಗಿ ಇಳಿಯೋ ತನಕ. ನೀರಿನಲ್ಲಿ ಕುದಿಸಬೇಡಿ: ಗೆಣಸು ನೀರು ಕುಡಿಯುತ್ತೆ, ಆಮೇಲೆ ಹಿಟ್ಟು ಜಾಸ್ತಿ ಬೇಡುತ್ತೆ, ಮತ್ತೆ ಅದೇ ಕಲ್ಲು. ಬಿಸಿ ಇರುವಾಗಲೇ ಸಿಪ್ಪೆ, ನಾರು ತೆಗೆದು ಮಸೆಯಿರಿ. ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಹುರಿದ ರಾಗಿ ಹಿಟ್ಟು 4 ಚಮಚ (ಊಟದ ಚಮಚ), ತುಪ್ಪ 1 ಟೀ ಚಮಚ ಸೇರಿಸಿ. ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಕೈಗೆ ಸ್ವಲ್ಪ ಅಂಟಿದರೂ ಪರವಾಗಿಲ್ಲ, ಅಂಗೈಗೆ ತುಪ್ಪ ಸವರಿಕೊಳ್ಳಿ. ದೊಡ್ಡವರ ಬೆರಳಿನಷ್ಟು ಉದ್ದ, ಅದಕ್ಕಿಂತ ಕೊಂಚ ದಪ್ಪ. ಈ ವಯಸ್ಸಿಗೆ ಮುಷ್ಟಿಯಲ್ಲಿ ಹಿಡಿಯೋದು, ತುದಿ ಆಚೆ ಉಳಿಯಬೇಕಲ್ಲ. 180 ಡಿಗ್ರಿಗೆ 10 ನಿಮಿಷ ಮೊದಲೇ ಕಾಯಿಸಿ, 15 ನಿಮಿಷ ಬೇಯಿಸಿ, ನಡುವೆ ಒಮ್ಮೆ ಮಗುಚಿ. ತೆಗೆದ ಕೂಡಲೇ ಬಟ್ಟೆ ಮುಚ್ಚಿಡಿ, ಹಬೆಗೆ ಹೊರಪದರ ಮೆತ್ತಗಾಗುತ್ತೆ.

ಕೊಡೋ ಮುಂಚೆ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ. ಬೆಣ್ಣೆಯ ಹಾಗೆ ಹಿಸುಕಿ ಹೋಗಬೇಕು. ಹೋಗಲಿಲ್ಲವಾ, ಅದು ದೊಡ್ಡವರ ತಿಂಡಿ.

ಉತ್ತರ: ಬಾಳೆಹಣ್ಣು-ಓಟ್ಸ್ ಇನ್ನೂ ಸುಲಭ. ಚೆನ್ನಾಗಿ ಕಳಿತ ಪಚ್ಚಬಾಳೆ ಒಂದು (ಏಲಕ್ಕಿ ಬಾಳೆಯಾದರೆ ಎರಡು), ಮಸಾಲೆ ಇಲ್ಲದ ಓಟ್ಸ್ ಪುಡಿ ಅರ್ಧ ಕಪ್, ಮೊಟ್ಟೆ ಒಂದು. ಕಲಸಿ 10 ನಿಮಿಷ ಬಿಡಿ, ಓಟ್ಸ್ ನೀರು ಎಳೆದುಕೊಳ್ಳಲಿ. ತಟ್ಟೆಯಲ್ಲಿ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಹರಡಿ, 175 ಡಿಗ್ರಿ, 18 ನಿಮಿಷ. ಬೇಕಿಂಗ್ ಪೌಡರ್ ಬೇಡ, ಅದರಲ್ಲೂ ಸೋಡಿಯಂ ಇದೆ, ಇಷ್ಟು ತೆಳುವಿಗೆ ಅವಶ್ಯವೂ ಇಲ್ಲ. ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿದರೆ ಮೇಲಿನ ಕಂಬಿ ಆಫ್ ಮಾಡಿ ಕೆಳಗಿನದರಲ್ಲೇ ಬೇಯಿಸಿ. ಸಣ್ಣ ಓಟಿಜಿಯಲ್ಲಿ ಕಂಬಿ ತೀರಾ ಹತ್ತಿರ. ಕಡ್ಡಿ ಚುಚ್ಚಿ ನೋಡೋದು ಇಲ್ಲಿ ಮೋಸ, ಬಾಳೆಹಣ್ಣು ಬೆಂದರೂ ಅಂಟುತ್ತೆ. ಬೆರಳಲ್ಲಿ ಒತ್ತಿದರೆ ಮೇಲೇಳಬೇಕು. ಬಿಸಿಯಲ್ಲೇ ಕತ್ತರಿಸಿದರೆ ಅಂಟಂಟು, 20 ನಿಮಿಷ ಆರಿಸಿ.

ಉತ್ತರ: ಜೇನು ಬೇಡವೇ ಬೇಡ, ಒಂದು ವರ್ಷ ತುಂಬೋ ತನಕ. ಬೇಕ್ ಮಾಡಿದರೆ ಸರಿಹೋಗುತ್ತೆ ಅಂದುಕೊಳ್ಳಬೇಡಿ, ಬೊಟುಲಿಸಂ (ಹಸುಗೂಸಿನ ಜೀವಕ್ಕೇ ಅಪಾಯ ತರೋ ವಿಷಬಾಧೆ) ತರೋ ಬೀಜಕಣಗಳು ಓವನ್ ಬಿಸಿಗೂ ಉಳಿಯುತ್ತವೆ. ಬೆಲ್ಲವೂ ಸಕ್ಕರೆಯ ಲೆಕ್ಕವೇ.

ಉತ್ತರ: ಕರೆಂಟ್ ಇಲ್ಲದಾಗ ಇದೇ ಓಟ್ಸ್ ಹಿಟ್ಟನ್ನ ಪಡ್ಡು ಹಂಚಿಗೆ ಹಾಕಿ. ಸಣ್ಣ ಉರಿ, ಮುಚ್ಚಳ ಮುಚ್ಚಿ ನಾಲ್ಕು ನಿಮಿಷ, ತಿರುವಿ ಮೂರು ನಿಮಿಷ. ಗುಳಿ ಅರ್ಧ ಮಾತ್ರ ತುಂಬಿ, ಉಂಡೆಯಾಗಿ ಕೊಡದೆ ಉದ್ದಕ್ಕೆ ಸೀಳಿ.

ಉತ್ತರ: ಮೊಟ್ಟೆ, ಗೋಧಿ, ಕಡಲೆಕಾಯಿ ಈ ಹಿಟ್ಟುಗಳಲ್ಲೇ ಮೊದಲ ಸಲ ಬರಬಾರದು. ಒಂದೊಂದನ್ನೇ ಬೇರೆಯಾಗಿ, ಬೆಳಗ್ಗೆ ಹೊತ್ತು, ಸ್ವಲ್ಪ ಕೊಟ್ಟು ಎರಡು ಮೂರು ದಿನ ನೋಡಿ. ಮೈ ತುಂಬ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸೋ ತೊಂದರೆ) ಇರೋ ಮಗುವಾದರೆ ಡಾಕ್ಟರನ್ನ ಕೇಳಿಯೇ ಶುರು ಮಾಡಿ. ಕಡಲೆಕಾಯಿ ಯಾವತ್ತೂ ನುಣ್ಣಗೆ ಅರೆದೇ ಹೋಗಬೇಕು. ತಿನ್ನುವಾಗ ಮಗು ನೆಟ್ಟಗೆ ಕೂತಿರಲಿ, ಪಕ್ಕದಲ್ಲೇ ಒಬ್ಬರು ಇರಲಿ.

ಸಕ್ಕರೆ ಇಲ್ಲದ್ದು ಬೇಗ ಕೆಡುತ್ತೆ. ಫ್ರಿಜ್‌ನಲ್ಲಿ ಎರಡು ದಿನ, ಫ್ರೀಜರ್‌ನಲ್ಲಿ ಒಂದು ತಿಂಗಳು. ಫ್ರಿಜ್‌ನಿಂದ ತೆಗೆದಾಗ ಬಿರುಸಾಗಿರುತ್ತೆ, ಓವನ್‌ನಲ್ಲಿ ಕಾಯಿಸಿದರೆ ಇನ್ನೂ ಒಣಗುತ್ತೆ. ಇಡ್ಲಿ ಪಾತ್ರೆಯಲ್ಲಿ ಎರಡು ಮೂರು ನಿಮಿಷ ಹಬೆ ಕೊಡಿ, ಆರಿಸಿ, ಆಮೇಲೆ ಮೇಲೆ ಹೇಳಿದ ಹಾಗೆ ಮತ್ತೊಮ್ಮೆ ಒತ್ತಿ ನೋಡಿ.